ಸತ್ತೆತ್ತಿನ ಏರಿನಲ್ಲಿ ನೀಲಿ ಗಾಡಿ, ಕೆಂಪು ಗಾಡಿ

ಹೇಗೆ ಶುರು ಮಾಡಲಿ? ಅಂಕಿಗಳಿಂದ ಶುರು ಮಾಡಿದರೆ ನೀವು ಓದುವುದಿಲ್ಲ. ಸಾವಿನಿಂದ ಶುರು ಮಾಡಿದರೆ ಮೇವಿಸ್ ಓದುವುದಿಲ್ಲ. ಅಮೆರಿಕದ ವಯೋಮಿಂಗಿನ ಈ ಮೂಲೆಯಲ್ಲಿ ವಾರಕ್ಕೊಮ್ಮೆ ಬರುವ ಪತ್ರಿಕೆಗೆ ಗಾಡಿಗಳ ಪುಟ, ಆಗಾಗ ಒಂದು ಕಥೆ, ಬರೆಯುವವನು ನಾನು. ಹತ್ತೊಂಬತ್ತು ವರ್ಷದಿಂದ ಪಿಕಪ್ ಟ್ರಕ್ಕುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಯಾವುದಕ್ಕೆ ಬಲ ಹೆಚ್ಚು, ಯಾವುದರಲ್ಲಿ ಕೂತರೆ ಸೊಂಟ ಉಳಿಯುತ್ತದೆ, ಯಾವುದು ಭಾರ ಎಳೆಯುತ್ತದೆ ಎಂದು ತೀರ್ಪು ಕೊಟ್ಟಿದ್ದೇನೆ. ಈ ಸಲದ ತೀರ್ಪನ್ನು ಮಾತ್ರ ನಾಲ್ಕು ಸಲ ಬರೆದು ಹರಿದೆ.

ಇದು ಐದನೆಯದು. ಕೂತಿರಿ, ಅಥವಾ ಎದ್ದು ಹೋಗಿ, ನಿಮ್ಮಿಷ್ಟ.

೧.

ನೀಲಿ ಗಾಡಿ: ಎಂಟು ಸಿಲಿಂಡರು, ಮುನ್ನೂರ ತೊಂಬತ್ತೈದು ಕುದುರೆಬಲ. ಕೆಂಪು ಗಾಡಿ: ಅದೂ ಎಂಟು, ನಾನ್ನೂರು. ನೀಲಿಯ ಸೀಟು ಮೆತ್ತಗೆ. ಕೆಂಪಿನದು ಚರ್ಚಿನ ಬೆಂಚು.

(ಕಂಪನಿಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಅರ್ಧ ಊರು ನನ್ನ ಜೊತೆ ಮಾತು ಬಿಡುತ್ತದೆ. ಇಲ್ಲಿ ಹುಡುಗಿ ಯಾವ ಚರ್ಚಿನವಳು ಎನ್ನುವ ಮೊದಲು ಅವರಪ್ಪನ ಗಾಡಿ ಯಾವುದು ಎಂದು ಕೇಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು.)

ನೀಲಿ ಗಾಡಿ ಮೇವಿಸ್‌ಳದು. ಕೆಂಪು ಗಾಡಿ ಅವಳ ಗಂಡನ ಅಣ್ಣ ಲೈಲ್‌ನದು. ಗಂಡ ರಾಯ್ಸ್ ಈಗ ಇಲ್ಲ.

ಇಲ್ಲಿಗೆ ಬಂದಾಗ ಮೊದಲನೇ ಕರಡು ಹರಿದೆ.

೨.

ಹೋದ ಅಕ್ಟೋಬರಿನಲ್ಲಿ ರಾಯ್ಸ್, ಲೈಲ್‌ನ ಕುದುರೆ ಟ್ರೇಲರನ್ನು ತನ್ನ ಮನೆಯ ನೀಲಿ ಗಾಡಿಗೆ ಕಟ್ಟಿಸಿ, ಜೂನಿಪರ್ ಎಂಬ ಕಂದು ಹೆಣ್ಣುಕುದುರೆಯನ್ನು ಅದರೊಳಗೆ ಹತ್ತಿಸಿಕೊಂಡು ಸತ್ತೆತ್ತಿನ ಏರು ಎಂದು ಕರೆಯುವ ಗುಡ್ಡದ ರಸ್ತೆ ಹತ್ತಿದ. ಏರಿನ ನಡುವೆ, ದನ ದಾಟದಿರಲಿ ಎಂದು ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ಹಾಸಿದ್ದಾರೆ. ಗಾಡಿ ಅದರ ಮೇಲೆ ಗಡಗಡ ಎಂದಾಗ ಟ್ರೇಲರಿನ ಕೊಂಡಿ ಕಳಚಿತು. ಗಾಡಿಗೂ ಟ್ರೇಲರಿಗೂ ನಡುವಿನ ಸರಪಳಿ ಮಾತ್ರ ಹಿಡಿದುಕೊಂಡಿತ್ತು. ರಾಯ್ಸ್ ಇಳಿದು, ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಡಲು ಹಿಂದೆ ಹೋದ. ಆಗ ಸರಪಳಿ ತುಂಡಾಯಿತು. ಟ್ರೇಲರ್ ಅವನ ಮೇಲೆ ಹರಿಯಿತು; ಒಳಗಿದ್ದ ಜೂನಿಪರ್ ಕೂಡ ಉಳಿಯಲಿಲ್ಲ.

ಅವತ್ತು ಟ್ರೇಲರ್ ಕಟ್ಟಿದವಳು ಮೇವಿಸ್. ಆ ಮನೆಯಲ್ಲಿ ಯಾವಾಗಲೂ ಅವಳೇ ಕಟ್ಟುವುದು.

ಲೈಲ್ ಅಂದಿನಿಂದ ಒಂದೇ ಹಾಡು ಹಾಡುತ್ತಿದ್ದಾನೆ. ಕೆಫೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ರಾಯ್ಸ್‌ನ ಮಣ್ಣಿನ ದಿನದ ಊಟದಲ್ಲಿ, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ: "ಆ ನೀಲಿ ಗಾಡಿ ಹಿಂಭಾಗ ಮೆತ್ತಗೆ ಕಣ್ರೋ. ಭಾರ ಬಿದ್ರೆ ಕುಕ್ಕರುಗಾಲಲ್ಲಿ ಕೂತ್ಬಿಡತ್ತೆ. ಕೊಂಡಿ ಕಳಚದೆ ಇನ್ನೇನು?"

ಗಂಡ ಸತ್ತವಳ ಎದುರಿಗೇ, ಗಂಡ ಪ್ರಾಣದಂತೆ ನೋಡಿಕೊಂಡ ಗಾಡಿಯನ್ನು ಹೀಗೆ ಆಡಿಕೊಂಡರೆ? ಒಂದು ವರ್ಷದಿಂದ ಮೇವಿಸ್ ಅವನ ಮುಖ ನೋಡಿಲ್ಲ. ದಾರಿಯಲ್ಲಿ ಎದುರಾದರೆ ಸ್ಟಿಯರಿಂಗಿನಿಂದ ಎರಡು ಬೆರಳು ಕೂಡ ಎತ್ತುವುದಿಲ್ಲ. ಇಲ್ಲಿ ಅಪರಿಚಿತರಿಗೂ ಅಷ್ಟು ನಮಸ್ಕಾರ ಸಲ್ಲುತ್ತದೆ.

ಕಳೆದ ವಾರ ಅವಳು ನನ್ನ ಆಫೀಸಿಗೆ ಬಂದಳು.

"ಪೇಪರಿನವ್ನೇ, ಎರಡೂ ಗಾಡಿಗೆ ಅದೇ ಟ್ರೇಲರ್ ಕಟ್ಟು. ಅದೇ ಏರು ಹತ್ಸು. ಗಾಡಿ ತಪ್ಪೋ, ನನ್ ಕೈ ತಪ್ಪೋ, ನಂಗೆ ಗೊತ್ತಾಗ್ಬೇಕು. ಗೊತ್ತಾಗ್ದೆ ನಂಗೆ ನಿದ್ದೆ ಇಲ್ಲ."

"ಇದು ಗಾಡಿಗಳ ಪುಟ, ಮೇವಿಸ್. ಕೋರ್ಟಲ್ಲ."

"ನಮ್ಮೂರಲ್ಲಿ ಯಾರ್ ಓದ್ತಾರೆ ಕೋರ್ಟಿನ ಪುಟ?"

೩. ತೂಕ

(ಎರಡನೇ ಕರಡಿನಲ್ಲಿ ಈ ಭಾಗ ಇರಲಿಲ್ಲ. ನಂಬುವುದಿಲ್ಲ ಎಂದು ಬಿಟ್ಟಿದ್ದೆ. ನೀವಲ್ಲ, ನಾನು.)

ಬೆಳಿಗ್ಗೆ ಹತ್ತು ಗಂಟೆ. ದನದ ಹರಾಜು ನಡೆಯುವ ಕೊಟ್ಟಿಗೆಯ ಹೊರಗೆ ತೂಕದ ಕಟ್ಟೆ ಇದೆ. ಗಾಳಿ ನಿಂತಿತ್ತು. ನಮ್ಮಲ್ಲಿ ಗಾಳಿ ಬೀಸಿದರೆ ಯಾರೂ ಗಮನಿಸುವುದಿಲ್ಲ. ನಿಂತರೆ ನಾಯಿಗಳು ಎದ್ದು ಕೂರುತ್ತವೆ. ನಾನು ಕೇಳಿದ್ದಕ್ಕೆ ಲೈಲ್ ತಂದಿದ್ದ ಖಾಲಿ ಟ್ರೇಲರನ್ನು ಗಾಡಿಯಿಂದ ಬಿಡಿಸಿ ಕಟ್ಟೆಯ ಮೇಲೆ ನಿಲ್ಲಿಸಿದೆವು. ಅದರ ತೂಕ ಮೂರು ಸಾವಿರದ ಇನ್ನೂರು ಪೌಂಡು ಎಂದು ಅದರ ಮೈಮೇಲೇ ಬರೆದಿದೆ.

ಚೀಟಿಯಲ್ಲಿ ಬಂದದ್ದು ನಾಲ್ಕು ಸಾವಿರದ ಮುನ್ನೂರ ಹತ್ತು.

ಲೈಲ್ ಟೋಪಿ ಹಿಂದಕ್ಕೆ ತಳ್ಳಿದ. "ಕಟ್ಟೆ ಕೆಟ್ಟಿದೆ," ಎಂದ.

ಮೇವಿಸ್ ಚೀಟಿಯನ್ನು ಬಹಳ ಹೊತ್ತು ನೋಡಿದಳು. "ಸಾವಿರದ ನೂರ ಹತ್ತು," ಎಂದಳು. "ಜೂನಿಪರ್ ತೂಕ ಅದು."

ಟ್ರೇಲರಿನ ಹಿಂಬಾಗಿಲಿಗೆ ಅಗುಳಿ ಹಾಕಿತ್ತು. ತೆಗೆದು ನೋಡಿದ್ದರೆ ಮುಗಿದುಹೋಗುತ್ತಿತ್ತು. ಮೂವರೂ ತೆಗೆಯಲಿಲ್ಲ. ಬದಲಿಗೆ ನಾನೂ ಲೈಲೂ ಟೈರಿನ ಗಾಳಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಇಲ್ಲಿಯ ಗಂಡಸರು ಹೀಗೇ, ಎದೆ ಒಡೆದರೂ ಎಂಜಿನ್ನಿನ ಟಾರ್ಕಿನ ಬಗ್ಗೆ ಮಾತಾಡುತ್ತಾರೆ. ನಾನೂ ಈಗ ಅವರಲ್ಲೊಬ್ಬ.

೪. ಬಲ, ಸವಾರಿ, ಎಳೆತ

ಮೊದಲು ಕೆಂಪು. ಲೈಲ್ ಓಡಿಸಿದ, ನಾನು ಪಕ್ಕದಲ್ಲಿ. ಗಂಟೆಗೆ ನಲವತ್ತೆಂಟು ಮೈಲಿಯಲ್ಲಿ ಏರು ಹತ್ತಿತು. ಆಮೇಲೆ ಟ್ರೇಲರನ್ನು ಕೆಳಗೆ ತಂದು ನೀಲಿಗೆ ಕಟ್ಟಿದೆವು; ಮೇವಿಸ್ ಓಡಿಸಿದಳು, ನಾನು ಮತ್ತೆ ಪಕ್ಕದಲ್ಲಿ. ಅದೂ ನಲವತ್ತೆಂಟು. ಕೊಳವೆಗಳ ಮೇಲೆ ಎರಡೂ ಗಡಗಡ ಎಂದವು, ಎರಡರಲ್ಲೂ ಕೊಂಡಿ ಕದಲಲಿಲ್ಲ. ಹಿಂಭಾಗ ಎಷ್ಟು ಕುಸಿಯುತ್ತದೆ ಎಂದು ಟೇಪು ಹಿಡಿದು ಅಳೆದೆ: ಕೆಂಪು ಒಂದೂವರೆ ಇಂಚು. ನೀಲಿ ಒಂದೂವರೆ ಇಂಚು.

ಅಂದರೆ ನೀಲಿ ಗಾಡಿಯಲ್ಲಿ ದೋಷವಿಲ್ಲ.

ಇಲ್ಲಿ ಪ್ಯಾರಾ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಟ್ರೇಲರಿನೊಳಗಿಂದ ಸದ್ದು ಬಂತು. ನಿಂತು ನಿಂತು ಬೇಸತ್ತ ಕುದುರೆ ಗೊರಸಿನಿಂದ ಹಲಗೆ ತಟ್ಟುತ್ತದಲ್ಲ, ಅದು.

(ಈ ಸದ್ದು ನಾನು ಬರೆದದ್ದಲ್ಲ. ಮೂರನೇ ಕರಡಿನಲ್ಲಿ ಅಳಿಸಿದೆ. ನಾಲ್ಕನೆಯದರಲ್ಲಿ ತಾನೇ ಬಂತು.)

೫.

ಏರಿನ ತುದಿಯಲ್ಲಿ ಗಾಡಿ ನಿಲ್ಲಿಸುವ ಜಾಗವಿದೆ. ನಮಗಿಂತ ಮುಂದೆ ಹತ್ತಿದ್ದ ಕೆಂಪು ಗಾಡಿ ಅಲ್ಲೇ ಕಾಯುತ್ತಿತ್ತು. ಮೇವಿಸ್ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಲೈಲ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಆ ಫೋಟೋ ಬಗ್ಗೆ ಬರೆದ್ರೆ ನಿನ್ ಕೈ ಮುರೀತೀನಿ."

ಓದುಗರೇ, ನಿಮ್ಮಿಂದ ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ನನ್ನ ಮನೆ ಈ ಏರಿನ ಬುಡದಲ್ಲೇ ಇದೆ. ಅವತ್ತು ಪೊಲೀಸರಿಗಿಂತ ಮೊದಲು ಕ್ಯಾಮೆರಾ ಹಿಡಿದು ಓಡಿ ಬಂದವನು ನಾನು. ಟ್ರೇಲರ್ ಕೂರುವುದು ಗಾಡಿಯ ಹಿಂದಿರುವ ಒಂದು ಕಬ್ಬಿಣದ ಗುಂಡಿನ ಮೇಲೆ. ಲೈಲ್‌ನ ಟ್ರೇಲರಿಗೆ ದೊಡ್ಡ ಗುಂಡು ಬೇಕು, ಎರಡೂಕಾಲು ಇಂಚಿಗಿಂತ ಒಂದೆಳೆ ದಪ್ಪ. ನನ್ನ ಫೋಟೋದಲ್ಲಿ, ನೀಲಿ ಗಾಡಿಯ ಗುಂಡಿನ ನೆತ್ತಿಯ ಮೇಲೆ ಕೆತ್ತಿರುವ ಅಳತೆ ಬರೀ ಎರಡು ಇಂಚು. ಸಣ್ಣ ಗುಂಡಿನ ಮೇಲೂ ದೊಡ್ಡ ಕೊಂಡಿ ಕೂರುತ್ತದೆ, ಚಿಲಕವೂ ಬೀಳುತ್ತದೆ. ಸಮತಟ್ಟು ರಸ್ತೆಯಲ್ಲಿ ಮೈಲಿಗಟ್ಟಲೆ ಬರುತ್ತದೆ. ಒಂದು ಜೋರಾದ ಕುಲುಕಾಟ ಸಾಕು, ಎಗರುತ್ತದೆ.

ನನ್ನ ಹಿಂದೆಯೇ ಲೈಲ್ ಬಂದಿದ್ದ. ಸತ್ತ ತಮ್ಮನನ್ನು ನೋಡಿದ, ಗುಂಡು ನೋಡಿದ. ಪೊಲೀಸರು ಬರುವ ಮೊದಲೇ ತನ್ನ ಗಾಡಿಯಿಂದ ದೊಡ್ಡ ಗುಂಡು ತಂದು, ಅಳುತ್ತಲೇ ಪಾನಾ ತಿರುಗಿಸಿ ಬದಲಾಯಿಸಿದ. ಅವತ್ತಿನಿಂದ ನೀಲಿ ಗಾಡಿಯನ್ನು ಬೈಯತೊಡಗಿದ. ಊರು ಗಾಡಿಯನ್ನು ಬೈದರೆ ಅವಳನ್ನು ಬೈಯುವುದಿಲ್ಲವಲ್ಲ.

"ಪರೀಕ್ಷೇಲಿ ನೀಲಿ ಗೆದ್ದಿಲ್ಲ, ಸೋತಿಲ್ಲ," ಎಂದೆ. "ಏನಂತ ಬರೀಲಿ ಲೈಲ್?"

"ಸುಳ್ಳು ಬರಿ. ನೀನು ಕಥೆ ಬರೆಯೋನು ತಾನೆ?"

೬. ಅಂತ್ಯಗಳು (ಬೇಕಾದ್ದು ಆರಿಸಿಕೊಳ್ಳಿ ಎನ್ನುವ ಧೈರ್ಯ ನನಗಿಲ್ಲ)

ಅ) ನಾನು ನಿಜ ಹೇಳುತ್ತೇನೆ. ಮೇವಿಸ್ ತಲೆಯಾಡಿಸಿ ಗಾಡಿ ತಿರುಗಿಸಿ ಒಬ್ಬಳೇ ಇಳಿಜಾರಿಗೆ ಹೋಗುತ್ತಾಳೆ. ಅವಳು ಬ್ರೇಕ್ ಒತ್ತುವುದು ನನಗೆ ಕಾಣಿಸಲಿಲ್ಲ. ಅಳಿಸಿದೆ.

ಆ) ನಾನು ಸುಳ್ಳು ಹೇಳುತ್ತೇನೆ: ನೀಲಿಯ ಹಿಂಭಾಗ ನಿಜಕ್ಕೂ ಮೆತ್ತಗೆ. ಪೂರ್ಣವಿರಾಮ ಹಾಕುವ ಮೊದಲೇ ಟ್ರೇಲರಿನೊಳಗೆ ಹಲಗೆ ಸದ್ದಾಯಿತು. ಅಳಿಸಿದೆ.

ಇ) ನಾನು ಏನೂ ಹೇಳುವುದಿಲ್ಲ. ಇದೇ ಸರಿ. ನಮ್ಮಂಥ ಕಥೆಗಾರರಿಗೆ ಇದು ಅಭ್ಯಾಸ. ಕೊನೆ ಕೊಡದಿದ್ದರೆ ಜಾಣತನ ಎನ್ನುತ್ತಾರೆ. ಕರುಣೆಯೂ ಹೌದೆಂದು ನಾನು ನಂಬಿದ್ದೆ.

ಮೇವಿಸ್ ಗಾಡಿಯಿಂದ ಇಳಿದು ಬಂದಳು.

"ನಾಲ್ಕು ಸಲ ಹರಿದ್ಯಂತೆ," ಎಂದಳು. "ಈಗ ಮೂರು ಅಂತ್ಯ. ಗಾಡಿ ತಪ್ಪಾಗಿದ್ರೆ ನೀನು ಒಂದೇ ಸಾಲಲ್ಲಿ ಬರ್ದು ಮುಗಿಸ್ತಿದ್ದೆ, ಅಲ್ವೇನೋ?"

ನನಗೆ ನಾಚಿಕೆಯಾಯಿತು.

"ಅದರ ಹಿಂಭಾಗ ಮೆತ್ತಗೆ ಕಣೇ, ಮೇವಿಸ್," ಎಂದ ಲೈಲ್. "ನಾನ್ ಹೇಳ್ತಿಲ್ವಾ? ಮೆತ್ತಗೆ."

ಒಂದು ವರ್ಷದ ಮೇಲೆ ಅವಳು ಮೊದಲ ಸಲ ಅವನ ಮುಖ ನೋಡಿದಳು. ಅವನ ಕೆನ್ನೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು.

"ಸಾಕು ಬಿಡು ಲೈಲ್. ಎಷ್ಟೂಂತ ನನ್ ಬದ್ಲು ಗಾಡೀನ ಬೈತೀಯ."

ಆಮೇಲೆ ಟ್ರೇಲರಿನ ಹಿಂದಕ್ಕೆ ನಡೆದು ಹೋಗಿ ಅಗುಳಿ ತೆಗೆದಳು. ಬಾಗಿಲು ತೆರೆಯಿತು. ನಾವು ನಿಂತಲ್ಲಿಗೆ ಒಳಗಿನದು ಕಾಣುತ್ತಿರಲಿಲ್ಲ, ಅವಳ ಬೆನ್ನು ಕಾಣುತ್ತಿತ್ತು. ಅವಳು ಹೆದರಲಿಲ್ಲ. ಬೆಂಚಿನ ಮೇಲೆ ಅಗಲವಾಗಿ ಕೂತ ಮನೆಯವರಿಗೆ ಹೇಳುವಂತೆ ಹೇಳಿದಳು:

"ಸ್ವಲ್ಪ ಆ ಕಡೆ ಸರ್ಕೋ ರಾಯ್ಸ್. ನಾನೂ ಬರ್ತೀನಿ."

ಲೈಲ್ ನನ್ನನ್ನು ಅಲುಗಾಡಿಸುತ್ತಿದ್ದಾನೆ. "ಬರಿಯೋ! ಅವ್ಳು ಹಿಂದಕ್ಕೆ ಬಂದ್ಲು ಅಂತ ಬರಿ!"

ಬರೆಯಲು ನೋಡಿದೆ. ಅವಳು ಕೇಳುತ್ತಿಲ್ಲ. ನನಗೆ ಉಳಿದಿರುವುದು ಒಂದೇ: ಮುಂದಿನ ವಾಕ್ಯ ಬರೆದರೆ ಅವಳು ಒಳಗೆ ಹೋಗುತ್ತಾಳೆ, ಬರೆಯದಿದ್ದರೆ ಹೋಗುವುದಿಲ್ಲ. ಅವಳ ಒಂದು ಬೂಟು ಟ್ರೇಲರಿನ ಹಲಗೆಯ ಮೇಲಿದೆ, ಇನ್ನೊಂದು ರಸ್ತೆಯ ಮೇಲೆ. ನಾನು ಇಲ್ಲಿಗೇ ನಿಲ್ಲಿಸುತ್ತೇನೆ, ನೀವೂ ದಯವಿಟ್ಟು ಮುಂದೆ