ಜೆಟ್ ಕಿತ್ತವನು

ದೇವಕ್ಕನ ಸಿಟ್ಟು ನೆತ್ತಿಗೇರಿತ್ತು, ಇಳಿಯುವ ಲಕ್ಷಣ ಇರಲಿಲ್ಲ. ಸಂಡಾಸದ ಗೋಡೆಯಲ್ಲಿದ್ದ ಜೆಟ್ ಸ್ಪ್ರೇಯನ್ನು ಮಗ ವಿನೋದ ಕಿತ್ತೊಗೆದು, ಆ ತೂತಿಗೆ ಒಂದು ಪ್ಲಾಸ್ಟಿಕ್ ಬಿರಡೆ ಜಡಿದಿದ್ದ. ಅದನ್ನು ಕಂಡಾಗಲೆಲ್ಲ ಆಕೆಯ ಮೈ ಉರಿಯುತ್ತಿತ್ತು.

ನಗಬೇಡಿ. ಹೋದ ವರ್ಷ ಲಕ್ವಾ ಹೊಡೆದು ಆಕೆಯ ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ತಂಬಿಗೆ ಹಿಡಿದರೆ ತೊಳೆಯಲು ಕೈಯಿಲ್ಲ, ತೊಳೆಯಲು ಹೋದರೆ ತಂಬಿಗೆ ಹಿಡಿಯಲು ಕೈಯಿಲ್ಲ. ಬಾಗಿಲು ತೆರೆದಿಟ್ಟು, ಇಂದು ಎಂಬ ಹೆಸರಿನ ಸೊಸೆ ನೀರು ಹಾಕಬೇಕಾಗಿತ್ತು. ಪಾಪ, ಆಕೆ ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಆದರೆ ಕಮರಿಪೇಟೆಯ ಇಡೀ ಓಣಿಯ ಬಾಣಂತನಕ್ಕೆ ಓಡಾಡಿದ ಹೆಂಗಸಿಗೆ ತನ್ನ ಮೈಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂರುವುದು ಸಾವಿಗಿಂತ ಕಡೆ ಎನಿಸುತ್ತಿತ್ತು. ಜೆಟ್ ಹಾಕಿಸಿದ ದಿನ ಒಳಗಿನಿಂದ ಚಿಲಕ ಹಾಕಿಕೊಂಡು, ತನ್ನ ಕೆಲಸ ತಾನೇ ಮುಗಿಸಿ ಹೊರಬಂದಾಗ ಆಕೆಗೆ ಅಳುವಷ್ಟು ಸಂತೋಷವಾಗಿತ್ತು.

ಜೆಟ್ಟಿನ ಕೆಳಗೊಂದು ಕಾಕ್ ಇತ್ತು. ದೇವಕ್ಕ ಅದನ್ನು ಕಾಲು ಭಾಗ ಮಾತ್ರ ತಿರುಗಿಸುತ್ತಿದ್ದಳು. ನೀರು ಮೆತ್ತಗೆ ಬರುತ್ತಿತ್ತು. ಏಳುವ ಮುಂಚೆ ಕಾಕನ್ನೂ ಬಂದ್ ಮಾಡುತ್ತಿದ್ದಳು. ಅಷ್ಟರಲ್ಲಿ ವಿನೋದನಿಗೆ ಶವರಿನ ಶೋಕಿ ಹತ್ತಿತು. ಟ್ಯಾಂಕಿನ ಹತ್ತಿರ ಪ್ರೆಶರ್ ಪಂಪ್ ಕೂಡಿಸಿದ. ಅಂದಿನಿಂದ ಜೆಟ್ಟಿನ ನೀರು ಸೂಜಿಯಂತೆ ಚುಚ್ಚತೊಡಗಿತು.

“ಸ್ವಲ್ಪ ಪ್ರೆಶರ್ ಕಡಿಮಿ ಮಾಡೋ ವಿನೋದಾ, ಮೈ ಉರಿತೈತಿ.”

“ಎಲ್ಲಾರಿಗೂ ಛಲೋ ಆಗೇತಿ. ನಿನಗಷ್ಟ ಏನಾತವ್ವಾ?”

ವಾರಕ್ಕೊಮ್ಮೆ ನಳಕ್ಕೆ ನೀರು ಬಂದು ಬರಿದಾದ ಟ್ಯಾಂಕು ತುಂಬಿತೆಂದರೆ, ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ಹೋಗಲೆಂದು ಮನೆಯ ಕಾಕುಗಳನ್ನೆಲ್ಲ ಪೂರ್ತಿ ತೆರೆಯುವುದು ವಿನೋದನ ರೂಢಿ. ಮನೆಮಂದಿಯೆಲ್ಲ ಶಿರಗುಪ್ಪಿಯ ಮದುವೆಗೆ ಹೊರಟ ದಿನವೂ ತೆರೆದ. ಗಡಿಬಿಡಿಯಲ್ಲಿ ಉಳಿದವುಗಳನ್ನು ಬಂದ್ ಮಾಡಿ ಜೆಟ್ಟಿನ ಕಾಕನ್ನು ಮರೆತ. ಸಂಜೆ ಮರಳಿದಾಗ ಪಂಪಿನ ಒತ್ತಡಕ್ಕೆ ಜೆಟ್ಟಿನ ಪೈಪು ಒಡೆದು, ವಾರದ ನೀರೆಲ್ಲ ಮೆಟ್ಟಿಲಿಳಿದು ಗಟಾರ ಸೇರಿತ್ತು.

“ಕಾಕ್ ಬಂದ್ ಮಾಡೂವಷ್ಟರ ಬುದ್ಧಿ ಬ್ಯಾಡೇನವ್ವಾ ನಿನಗ?” ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ.

“ಪೂರ್ತಿ ಬಿಟ್ಟಾಂವ ನೀನ. ನಾ ಎಂದರ ಕಾಕ್ ಪೂರ್ತಿ ಬಿಟ್ಟೇನೇನು?”

ಯಾರು ಕೇಳುತ್ತಾರೆ? ಮರುದಿನವೇ ಜೆಟ್ ಕಿತ್ತ. “ಇನ್ನ ಮ್ಯಾಲೆ ತಂಬಿಗಿನ ಛಲೋ. ಇಂದು ಅದಾಳಲ್ಲ,” ಎಂದ. ಅದಾಳಂತೆ! ಅಷ್ಟು ಸುಲಭವಾಗಿ ಹೇಳಿ ಆಫೀಸಿಗೆ ಹೋದ. ಚಿಲಕ ಹಾಕದ ಬಾಗಿಲಿನ ಹಿಂದೆ ಕುಕ್ಕರುಗಾಲಲ್ಲಿ ಕಾಯುವವನು ಅವನಲ್ಲವಲ್ಲ.

ಭಾನುವಾರ ಬೆಳಿಗ್ಗೆ ವಿನೋದ ಶವರಿನಡಿ ಮನಸಾರೆ ಮಿಂದು, ಹಾಡು ಗುನುಗುತ್ತ ಹೊರಬಂದ. ಇಂದು ತಂಬಿಗೆ ತುಂಬಿಕೊಂಡು ಸಂಡಾಸದ ಕಡೆ ನಡೆದಿದ್ದಳು. ಒಳಗಿನಿಂದ ದೇವಕ್ಕನ ದನಿ ಗುಡುಗಿತು.

“ಇಂದು, ನೀ ಅಲ್ಲೇ ನಿಲ್ಲು. ಆ ತಂಬಿಗಿ ನನ್ನ ಮಗನ ಕೈಯಾಗ ಕೊಡು.”

“ಅತ್ತಿ, ನಾ ಬರ್ತೇನ್ರಿ…”

“ಬ್ಯಾಡ. ಜೆಟ್ ಕಿತ್ತಾಂವ ಅಂವ, ತೊಳಿಯಾಂವನೂ ಅಂವನ. ಬಾರೋ ವಿನೋದಾ!”

ಹಾಡು ನಿಂತಿತು. ಇಂದು ಗಂಡನ ಕೈಗೆ ತಂಬಿಗೆ ಕೊಟ್ಟಳು. ಅವನು ಹೊಸ್ತಿಲ ತನಕ ಬಂದು, ಮುಖ ಆಚೆ ತಿರುಗಿಸಿ ನಿಂತ.

“ಯಾಕ, ನಾಚಿಕಿ ಬರ್ತೈತೇನು?” ಎಂದಳು ದೇವಕ್ಕ. “ನನಗೂ ದಿನಾ ಬರ್ತೈತಿ. ಹಾಕು ನೀರು.”

ಹಾಕಿದ. ಮುಖ ತಿರುಗಿಸಿಯೇ ಸುರಿದದ್ದಕ್ಕೆ ಅರ್ಧ ನೀರು ನೆಲದ ಪಾಲಾಯಿತು.

ಅವತ್ತು ಅವನು ನಾಷ್ಟಾ ಮುಟ್ಟಲಿಲ್ಲ. ನೆಟ್ಟಗೆ ದುರ್ಗದಬೈಲಿನ ಪೇಟೆಗೆ ಹೋಗಿ ಹೊಸ ಜೆಟ್ಟು, ಗಟ್ಟಿ ಪೈಪು ತಂದ. ಪಂಪಿನ ಒತ್ತಡವನ್ನು ಪೂರ್ತಿ ಇಳಿಸಿದ. ಪೈಪು ಕೂಡಿಸಿದ ಕಡೆಯೆಲ್ಲ ಒಣ ಬಟ್ಟೆ ಒತ್ತಿ, ಪಸೆ ಇದೆಯೇ ಎಂದು ಮತ್ತೆ ಮತ್ತೆ ನೋಡಿದ. ಬಟ್ಟೆ ಒಣಗಿಯೇ ಇತ್ತು.

“ಅವ್ವಾ, ಕಾಕ್ ಎಷ್ಟು ಬಿಡ್ಲಿ?” ಎಂದು ತಲೆ ತಗ್ಗಿಸಿ ಕೇಳಿದ.

“ನೀ ಬಿಡಬ್ಯಾಡ. ಹೊರಗ ಬಾ.”

ದೇವಕ್ಕನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಗನನ್ನು ಸರಿಸಿ ಒಳಗೆ ಹೋದಳು. ಬಾಗಿಲು ಮುಚ್ಚಿ, ಎಡಗೈಯಿಂದ ಚಿಲಕ ಹಾಕಿಕೊಂಡಳು.