ಇನ್ಸ್‌ಪೆಕ್ಟರ್ ಸಾಹೇಬರ ಹೊಗೆ

ಗುಬ್ಬಿ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹದಿನೈದರ ಹುಡುಗಿಯನ್ನು ಶಾಲೆಯಲ್ಲಿ ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಅವಳ ಅಪ್ಪನಿಗೆ ಟಿವಿ ಧಾರಾವಾಹಿಯಲ್ಲಿ ಇನ್ಸ್‌ಪೆಕ್ಟರ್ ಪಾತ್ರ ಸಿಕ್ಕಿದ್ದೇ ತಡ, ಅವಳ ಅದೃಷ್ಟ ಖುಲಾಯಿಸಿತು. ದಿನಾ ಸಂಜೆ ಇನ್ಸ್‌ಪೆಕ್ಟರ್ ಸಿಗರೇಟು ಹಚ್ಚಿ, ಕಣ್ಣು ಕಿರಿದು ಮಾಡಿ, ಆರೋಪಿಯ ಮುಖಕ್ಕೆ ಹೊಗೆ ಬಿಡುತ್ತಿದ್ದ. ಆರೋಪಿ ಗಳಗಳ ಅತ್ತು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದ. ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಅಕ್ಷರಗಳು ಪರದೆಯ ಬುಡದಲ್ಲಿ ಇರುವೆ ಸಾಲಿನಂತೆ ಹರಿದುಹೋಗುತ್ತಿದ್ದವು. ಅವನ್ನು ಓದಲು ಯಾರಿಗೆ ಪುರುಸೊತ್ತು?

ತರಗತಿಯ ಹನ್ನೊಂದು ಮಂದಿ ಸೈಕಲ್ ಸ್ಟ್ಯಾಂಡಿನ ಹಿಂದೆ ಕಣ್ಣು ಕಿರಿದು ಮಾಡಿಕೊಂಡು ಸೇದತೊಡಗಿದರು. ಅವರಿಗೆಲ್ಲ ಮುಂದಾಳು, ಎಲ್ಲರಿಗಿಂತ ಒಂದು ಗೇಣು ಎತ್ತರದ ಉದ್ದಿ.

“ಏ ಗುಬ್ಬಿ, ನಿಮ್ಮಪ್ಪ ದಿನಕ್ಕೆ ಎಷ್ಟು ಸೇದ್ತಾರೇ?”

“ಮೂರು ಪ್ಯಾಕು. ಭಾನುವಾರ ನಾಲ್ಕು,” ಎಂದು ಗುಬ್ಬಿ ರೈಲು ಬಿಟ್ಟಳು. ಅಪ್ಪನಿಗಿದ್ದದ್ದು ಉಬ್ಬಸ. ಪಕ್ಕದ ಮನೆಯಲ್ಲಿ ಒಗ್ಗರಣೆ ಸೀದರೂ ಸಾಕು, ಇನ್ಹೇಲರ್ ಹುಡುಕುತ್ತಿದ್ದ. ಆ ವಿಷಯಕ್ಕೆ ಗುಬ್ಬಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಹಾಗಾದ್ರೆ ಶೂಟಿಂಗ್ ತೋರಿಸು,” ಎಂದಳು ಉದ್ದಿ. ಗುಬ್ಬಿ ಹತ್ತು ನೆಪ ಹೇಳಿದಳು. ಉದ್ದಿ ಹನ್ನೊಂದನೆಯದಕ್ಕೆ ಕಾಯಲಿಲ್ಲ, ಶನಿವಾರ ನೇರ ಸ್ಟುಡಿಯೋ ಬಾಗಿಲಿಗೇ ಎಳೆದುಕೊಂಡು ಹೋದಳು.

ಒಳಗೆ, ಸೆಟ್ಟಿನ ಠಾಣೆಗೆ ಇದ್ದದ್ದು ಎರಡೇ ಗೋಡೆ. ಸಾಹೇಬರಿಗೆ ಸೊಂಟದವರೆಗೆ ಖಾಕಿ. ಮೇಜಿನ ಕೆಳಗೆ, ಸೆಖೆಗೆಂದು, ಹೂವಿನ ಚಡ್ಡಿ. ಅಲ್ಲೇ ಅವರ ಕಾಲ ಬಳಿ ವಯಸ್ಸಾದ ಲೈಟ್‌ಮ್ಯಾನ್ ಮುದುರಿ ಕೂತಿದ್ದ. ಸೇದುವುದು ಅವನ ಕೆಲಸ. ಅವನು ಸೇದಿ ಊದಿದ ಹೊಗೆ ಪ್ಲಾಸ್ಟಿಕ್ ಕೊಳವೆಯಲ್ಲಿ ಏರಿ ಸಾಹೇಬರ ಕಾಲರಿನಿಂದ ಹೊರಬರುತ್ತಿತ್ತು. ಸಾಹೇಬರು ಉಸಿರು ಬಿಗಿಹಿಡಿದು ತುಟಿ ಮಾತ್ರ ಚೂಪು ಮಾಡುತ್ತಿದ್ದರು.

“ಹೊಗೆ!” ಎಂದು ನಿರ್ದೇಶಕ ಕೂಗಿದ. ಎಂಟು ಸಲ ಬಂತು. ಒಂಬತ್ತನೇ ಸಲ ಮೇಜಿನ ಕೆಳಗಿನಿಂದ ಕೆಮ್ಮು ಹೊರಟಿತು, ಮೇಜೇ ಕುಣಿಯಿತು. ಹೊಗೆ ದಾರಿ ತಪ್ಪಿ ಸಾಹೇಬರ ಮೂಗಿಗೆ ಹೊಕ್ಕಿತು. ಇನ್ಸ್‌ಪೆಕ್ಟರ್ ಸುಂಯ್‌ಗುಡುತ್ತ ಒದ್ದಾಡಿದರೆ, ಆರೋಪಿ ಕೈಕೋಳದ ಕೈಯಲ್ಲೇ ಅವರ ಬೆನ್ನು ನೀವಿದ. ಲೈಟ್‌ಮ್ಯಾನ್ ತೆವಳಿಕೊಂಡು ಬಂದು ಬಕೆಟ್ಟಿಗೆ ತಲೆ ಬಗ್ಗಿಸಿದ.

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎನಿಸಿತು ಗುಬ್ಬಿಗೆ. ಉದ್ದಿ ಮಾತ್ರ ನಗದೆ ಮುದುಕನಿಗೆ ನೀರು ಕೊಟ್ಟಳು. “ಬಿಟ್ಬಿಡಿ ತಾತ.”

“ಬಿಟ್ಟು ನಾಲ್ಕು ವರ್ಷ ಆಗಿತ್ತಮ್ಮ. ಈ ಸಾಹೇಬ್ರಿಗೋಸ್ಕರ ಮತ್ತೆ ಹಚ್ಚಿದೆ. ಡಾಕ್ಟ್ರು ಎಕ್ಸ್‌ರೇ ನೋಡಿ, ‘ಇದು ಎದೆನೋ, ಚಿಮಣಿನೋ?’ ಅಂದ್ರು.”

“ಅಂಕಲ್, ನಿಮ್ಮನ್ನ ನೋಡಿ ನಾವು ಹನ್ನೊಂದು ಜನ ಶುರು ಮಾಡಿದ್ವಿ,” ಎಂದಳು ಉದ್ದಿ, ಗುಬ್ಬಿಯ ಅಪ್ಪನ ಕಡೆ ತಿರುಗಿ.

ಅಪ್ಪ ಮಗಳನ್ನು ನೋಡಿದ. “ನೀನೂನಾ?”

“ಎರಡೇ ಸಲ. ವಾಂತಿ ಬಂತು.”

ಅಪ್ಪ ಹೂವಿನ ಚಡ್ಡಿಯಲ್ಲೇ ಎದ್ದು ನಿಂತ. “ಇನ್ಮೇಲೆ ನನ್ನ ಕಾಲರಿಂದ ಹೊಗೆ ಬರಲ್ಲ ಸಾರ್,” ಎಂದ ನಿರ್ದೇಶಕನಿಗೆ.

“ಹೊಗೆ ಇಲ್ದೆ ಕಳ್ಳ ಯಾಕ್ರೀ ಬಾಯಿ ಬಿಡ್ತಾನೆ?”

ಅಪ್ಪ ನಿರ್ದೇಶಕನ ಊಟದ ಡಬ್ಬಿಯಿಂದ ಒಂದು ಕ್ಯಾರೆಟ್ ಎತ್ತಿ, ಆರೋಪಿಯ ಕಿವಿಯ ಹತ್ತಿರ ಕಟಕ್ಕನೆ ಕಡಿದ. ಆರೋಪಿ ನಿಜವಾಗಿಯೂ ಬೆಚ್ಚಿಬಿದ್ದ. ನಿರ್ದೇಶಕ ತಲೆ ಕೆರೆದುಕೊಂಡು, “ಇನ್ನೊಂದ್ಸಲ ಮಾಡಿ,” ಎಂದ.

ಎರಡು ವಾರದಲ್ಲಿ ಶಾಲೆಯ ತುಂಬ ಕಟಕಟ ಸದ್ದು. ಪಾಠ ಕೇಳಿಸದೆ ಮೇಷ್ಟರು ಒಂದು ಚೀಲ ಕ್ಯಾರೆಟ್ ಜಪ್ತಿ ಮಾಡಿದರು. ಹನ್ನೊಂದರಲ್ಲಿ ಏಳು ಮಂದಿ ಸಿಗರೇಟು ಬಿಟ್ಟರು, ಮೂವರು ಬಿಡಲಿಲ್ಲ. ಉದ್ದಿಗೆ ಆಗಲೇ ಚಟ ಹತ್ತಿತ್ತು. ಸಿಗರೇಟಿಗೆ ಕೈ ತುರಿಸಿದಾಗಲೆಲ್ಲ ಅವಳು ಹೊಗೆಯ ಸುಳಿವಿಲ್ಲದ ಗುಬ್ಬಿಯ ಮನೆಗೆ ಓಡಿ ಬರುತ್ತಿದ್ದಳು, ಸಿಡುಕುತ್ತ ಕೂತು ಬೇರೆ ದಾರಿಯಿಲ್ಲದೆ ಲೆಕ್ಕ ಮಾಡುತ್ತಿದ್ದಳು. ಪರೀಕ್ಷೆಯ ಹೊತ್ತಿಗೆ ಚಟ ಬಿಟ್ಟಿತು. ಗಣಿತದಲ್ಲೂ ಪಾಸಾದಳು. ಅದನ್ನು ಮಾತ್ರ ಅವಳಮ್ಮ ಇವತ್ತಿಗೂ ನಂಬಿಲ್ಲ.