ಬೊಚ್ಚುಬಾಯಿಯ ಫಿಸಿಕ್ಸ್ ಪಾಠ

ಇಂಟರ್, ಅಂದರೆ ಆಂಧ್ರದ ಪಿಯುಸಿ, ರಿಸಲ್ಟ್ ಬಂದಾಗ ಶಿವಲಕ್ಷ್ಮಿಗೆ ಆಶ್ಚರ್ಯವೇನೂ ಆಗಲಿಲ್ಲ. ಫಿಸಿಕ್ಸ್ ಹೋಗಿತ್ತು, ಕೆಮಿಸ್ಟ್ರಿ ಹೋಗಿತ್ತು, ಬಾಟನಿ ಹೇಗೋ ಅಂಚು ಹಿಡಿದುಕೊಂಡು ಉಳಿದಿತ್ತು. ಆಶ್ಚರ್ಯವಾದದ್ದು ಮನೆಯವರಿಗೆ. ಮಡಕಶಿರದಾಚೆ, ಹೇಮಾವತಿ ಹತ್ತಿರದ ಊರಿನ ಕನ್ನಡ ಶಾಲೆಯಲ್ಲಿ ಅವಳೇ ಕ್ಲಾಸಿಗೆ ಮೊದಲು. ಅನಂತಪುರದ ಕಾಲೇಜಿನಲ್ಲಿ ಮಾತ್ರ ಲೆಕ್ಚರರ್‌ಗಳು ಇಂಗ್ಲಿಷಿನಲ್ಲಿ ಬರೆದು ತೆಲುಗಿನಲ್ಲಿ ವಿವರಿಸುತ್ತಿದ್ದರು. ಅವಳ ತೆಲುಗು ಸಂತೆಗೆ ಸಾಲುತ್ತಿತ್ತು, ಕೆಮಿಸ್ಟ್ರಿಗೆ ಸಾಲುತ್ತಿರಲಿಲ್ಲ. ಎದ್ದು ಕೇಳಿದರೆ ಹಿಂದಿನ ಬೆಂಚಿನವರು ಕಿಸಕ್ಕೆಂದು ನಗುತ್ತಾರೆಂಬ ಅಂಜಿಕೆಗೆ ಅವಳು ಎಲ್ಲದಕ್ಕೂ ತಲೆಯಾಡಿಸುತ್ತ ಕಾಲೇಜು ಮುಗಿಸಿದ್ದಳು.

ಅಪ್ಪ ಚಿಕ್ಕತಿಮ್ಮಯ್ಯ ಬೈಯಲಿಲ್ಲ. ಅವನು ರೇಷ್ಮೆ ಸಾಕುವವನು. "ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಸುಮ್ಕೆ ಬಿಡಬೇಕು. ಪೊರೆ ಬಿಟ್ಟು ಎದ್ದ ಮ್ಯಾಲೆ ಅದೇ ತಿಂತದೆ" ಎಂದು ಹೇಳಿ, ಮಗಳನ್ನು ಸ್ವಲ್ಪ ದಿನ ರಾಯದುರ್ಗದಲ್ಲಿದ್ದ ತನ್ನ ಅಕ್ಕ ಪುಟ್ಟಕ್ಕನ ಮನೆಗೆ ಕಳಿಸಿದ.

ಪುಟ್ಟಕ್ಕ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಜಿಪ್ ಕೂರಿಸುವ ಕೆಲಸದವಳು. ಮಾತಿನಲ್ಲಿ ಮಿಷನ್ನಿಗಿಂತ ಜೋರು. ಅಂಥವಳು ಒಂದು ಬೆಳಗ್ಗೆ ಕೆನ್ನೆ ಊದಿಸಿಕೊಂಡು ಮೌನವಾಗಿ ಕೂತಿದ್ದು ನೋಡಿ ಶಿವಲಕ್ಷ್ಮಿ ಗಾಬರಿಯಾಗಿ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರ್ ನಾಗಲಕ್ಷ್ಮಿ ಒಬ್ಬರೇ ಒದ್ದಾಡುತ್ತಿದ್ದರು. ಸಹಾಯಕ್ಕಿದ್ದ ಹುಡುಗಿ ಮದುವೆಯಾಗಿ ಬಳ್ಳಾರಿಗೆ ಹೋಗಿಬಿಟ್ಟಿದ್ದಳು.

"ಸ್ವಲ್ಪ ಈ ಲೈಟ್ ಹಿಡಿತೀಯೇನಮ್ಮ?"

ಶಿವಲಕ್ಷ್ಮಿ ಹಿಡಿದಳು. ದವಡೆ ಹಲ್ಲು ಹೊರಗೆ ಬಂದಾಗ ಪುಟ್ಟಕ್ಕ ಕಣ್ಣು ಮುಚ್ಚಿದ್ದಳು, ಶಿವಲಕ್ಷ್ಮಿ ಮಾತ್ರ ಬಗ್ಗಿ ನೋಡುತ್ತಿದ್ದಳು. ಬೇರು ಹೀಗೆ ಎರಡು ಕಾಲು ಚಾಚಿ ಕೂತಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮರುದಿನದಿಂದ ಅವಳು ಅಲ್ಲೇ ಕೆಲಸಕ್ಕೆ ಹೋಗತೊಡಗಿದಳು.

ಆ ಆಸ್ಪತ್ರೆಗೆ ದಿನಾ ಬರುತ್ತಿದ್ದವರು ಹನುಮಂತರಾಯಪ್ಪ, ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ನಿವೃತ್ತರಾದವರು. ಉಳಿದಿದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡು, ಒಸಡು ಮಾಯ್ದ ಮೇಲೆ ಸೆಟ್ ಕಟ್ಟಿಸಿಕೊಳ್ಳಲು ಕಾಯುತ್ತಿದ್ದರು. ಬೊಚ್ಚುಬಾಯಲ್ಲಿ ಟೀ ಅಂಗಡಿಗೆ ಹೋದರೆ ಹಳೇ ಶಿಷ್ಯರು ಎದುರಾಗುತ್ತಾರೆ. ಇಲ್ಲಾದರೆ ಎಲ್ಲರೂ ತಮ್ಮಂಥವರೇ ಎಂದು ಬಂದು ಪೇಪರ್ ಓದುತ್ತ ಕೂರುವರು. ಶಿವಲಕ್ಷ್ಮಿ ಫಿಸಿಕ್ಸಿನಲ್ಲಿ ಫೇಲ್ ಎಂದು ತಿಳಿದದ್ದೇ ಅವರ ಮುಖ ಅರಳಿತು. ಬೇಟೆ ಸಿಕ್ಕಿತ್ತು.

"ಕೂಡು. ಫೋರ್ಫ್ ಅಂದರ ಮಾಫು ಇಂಟು ಆಕ್ಫಿಲರೇಫನ್."

ಶಿವಲಕ್ಷ್ಮಿ ಅಭ್ಯಾಸದಂತೆ ತಲೆಯಾಡಿಸಿದಳು. ಆದರೆ ಮೇಷ್ಟ್ರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಿಳಿದಿರಲಿಲ್ಲ. ಇಲ್ಲಿ ನಗಲು ಹಿಂದೆ ಬೆಂಚೂ ಇರಲಿಲ್ಲ.

"ಸಾರ್, ಯಾರಿಗೆ ಮಾಫು?"

"ಮಾಫು ಅಲ್ಲವ್ವಾ, ಮಾಫು!"

"ಅದೇ ಸಾರ್, ಯಾರಿಗೆ?"

ಒಳಗೆ ಯಾರದೋ ಬಾಯಿಗೆ ಕನ್ನಡಿ ಹಿಡಿದಿದ್ದ ಡಾಕ್ಟರ್ ನಗು ತಡೆಯಲಾಗದೆ ಕೈ ಹಿಂದಕ್ಕೆ ತೆಗೆದರು. ಮೇಷ್ಟ್ರೂ ನಕ್ಕರು. ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡೇ ಪೇಪರಿನ ಅಂಚಿನಲ್ಲಿ 'ಮಾಸ್' ಎಂದು ಬರೆದು ತೋರಿಸಿದರು.

ಹೀಗೆ ಶುರುವಾಯಿತು ಪಾಠ. ಅವರು ಒಂದು ಹೇಳಿದರೆ ಇವಳಿಗೆ ಇನ್ನೊಂದು ಕೇಳುತ್ತಿತ್ತು. ಪ್ರತಿ ವಾಕ್ಯಕ್ಕೂ "ಏನಂದ್ರಿ ಸಾರ್?" ಎನ್ನಲೇಬೇಕಿತ್ತು. ಶಬ್ದ ಕೇಳಿಕೊಳ್ಳಲು ಶುರುಮಾಡಿದವಳು ಕ್ರಮೇಣ ಅರ್ಥ ಕೇಳತೊಡಗಿದಳು, ಆಮೇಲೆ ಯಾಕೆಂದು ಕೇಳತೊಡಗಿದಳು. ಕೀಳುವಾಗ ಹಲ್ಲನ್ನು ಯಾಕೆ ಅಲ್ಲಾಡಿಸಿ ಸಡಿಲ ಮಾಡುತ್ತಾರೆ, ಜುಮ್ಮೆನ್ನುವುದು ಯಾಕೆ ಎಂದು ಡಾಕ್ಟರ ಬೆನ್ನೂ ಬಿದ್ದಳು, ಕೆಮಿಸ್ಟ್ರಿಯನ್ನೂ ಅವರಿಂದಲೇ ಹೇಳಿಸಿಕೊಂಡಳು. ಮೇಷ್ಟ್ರ ಸೆಟ್ ತಯಾರಾಗಿ ಬಂದ ಹೊತ್ತಿಗೆ ಸಪ್ಲಿಮೆಂಟರಿ ಪರೀಕ್ಷೆಯೂ ಬಂತು. ಎರಡೂ ಸರಿಯಾಗಿ ಕೂತವು.

"ಪಾಸಾದಿ. ಇನ್ನೇನು ಮಾಡ್ತಿ?" ಪುಟ್ಟಕ್ಕ ಕೇಳಿದಳು.

"ನೀಟ್ ಬರೀತೀನಿ ಅತ್ತೆ. ಹಲ್ಲಿನ ಡಾಕ್ಟ್ರಾಗ್ತೀನಿ."

ಮೊದಲ ಸಲ ಬಂದ ರ‍್ಯಾಂಕನ್ನು ಯಾರಿಗೂ ಹೇಳುವಂತಿರಲಿಲ್ಲ. ಅವತ್ತು ಅವಳು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತಳು. ನಾಗಲಕ್ಷ್ಮಿ ಸಮಾಧಾನ ಹೇಳಲು ಬರಲಿಲ್ಲ, ತಮ್ಮ ಹಳೇ ಜುವಾಲಜಿ ಪುಸ್ತಕ ತಂದು ಪಕ್ಕದಲ್ಲಿಟ್ಟು, "ಒಳಗೆ ಪೇಷಂಟ್ ಕಾಯ್ತಿದಾರೆ, ಮುಖ ತೊಳ್ಕೊಂಡು ಬಾ" ಎಂದರು. ಮುಂದಿನ ವರ್ಷವಿಡೀ ಬೆಳಗ್ಗೆ ಓದು, ಮಧ್ಯಾಹ್ನದಿಂದ ಆಸ್ಪತ್ರೆ, ನಡುವೆ ಮೇಷ್ಟ್ರು. ಈಗ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಅದೇ ತೊಂದರೆ. ಬೈಗುಳವೂ ಅಷ್ಟೇ ಸ್ಪಷ್ಟ.

ಎರಡನೇ ಸಲ ಬಂದ ರ‍್ಯಾಂಕಿಗೆ ಡೆಂಟಲ್ ಸೀಟು ಸಿಗಬಹುದೆಂದು ಡಾಕ್ಟರ್ ಹೇಳಿದರು. ಕಾಲೇಜುಗಳನ್ನು ಆರಿಸಿ ಹಾಕುವ ದಿನ ಅಪ್ಪ ಬಸ್ಸು ಹತ್ತಿ ಬಂದ. ನೆಟ್ ಸೆಂಟರಿನಲ್ಲಿ ಮಗಳ ಹಿಂದೆ ನಿಂತು ಮೆಲ್ಲಗೆ ಕೇಳಿದ.

"ಬರೀ ಹಲ್ಲಿಗೇನಮ್ಮ? ಪೂರ್ತಿ ಮನುಷ್ಯನ ಡಾಕ್ಟ್ರು ಆಗಾಕಾಗಲ್ವಾ? ಇನ್ನೊಂದ್ ವರ್ಷ ಬೇಕಾದ್ರೆ ಓದು."

"ಅದಕ್ಕೆ ಈ ರ‍್ಯಾಂಕು ಸಾಲಲ್ಲ ಅಪ್ಪ. ಸಾಲಿದ್ರೂ ನಾನು ಇದನ್ನೇ ಹಾಕ್ತಿದ್ದೆ. ಅತ್ತೆ ಹಲ್ಲು ಕಿತ್ತ ದಿನ ನೀನು ನೋಡ್ಬೇಕಿತ್ತು. ಒಳಗೆ ಹೋಗುವಾಗ ಅಳ್ತಿದ್ಳು, ಹೊರಗೆ ಬಂದು ಆಟೋದವನ ಜೊತೆ ಜಗಳಕ್ಕೆ ನಿಂತ್ಳು."

ಅಪ್ಪ ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. "ಆಗಲಿ. ನಿಂಗೆ ಹಿಡಿಸಿದ್ರೆ ಅದೇ ಸೈ" ಎಂದ.

ಕೌನ್ಸೆಲಿಂಗಿನ ಎರಡನೇ ರೌಂಡಿನಲ್ಲಿ ಸೀಟು ಬಂತು.

ಅಪ್ಪನ ಜೊತೆ ಸೇರಲು ಹೋದ ದಿನ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಇಂಟರ್ ಮಾರ್ಕ್ಸ್ ಮೆಮೊ ಕೈಗೆತ್ತಿಕೊಂಡರು. ಸಪ್ಲಿಮೆಂಟರಿಯಲ್ಲಿ ಪಾಸಾದವರ ಮೆಮೊ ಮೇಲೆ 'ಕಂಪಾರ್ಟ್‌ಮೆಂಟಲ್' ಎಂದು ಅಚ್ಚಾಗಿರುತ್ತದೆ. ಶಿವಲಕ್ಷ್ಮಿ ಆ ಪದವನ್ನೇ ನೋಡುತ್ತ ನಿಂತಳು.

"ಸಪ್ಲೀನಾ ಅಮ್ಮಾ?" ಗುಮಾಸ್ತರು ತೆಲುಗಿನಲ್ಲಿ ಕೇಳಿದರು.

"ಹೌದು ಸಾರ್. ಫಿಸಿಕ್ಸ್, ಕೆಮಿಸ್ಟ್ರಿ ಎರಡೂ." ಗಾಬರಿಗೆ ಕನ್ನಡವೇ ಬಾಯಿಗೆ ಬಂದಿತ್ತು.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ತಾವೂ ಕನ್ನಡಕ್ಕೆ ಹೊರಳಿ, "ನಂದು ಮ್ಯಾಥ್ಸಮ್ಮ, ಮೂರು ಸಲ" ಎಂದು ಠಪ್ಪನೆ ಸೀಲು ಒತ್ತಿದರು. ಅಷ್ಟು ದಿನ ಕಾಡಿದ್ದ ಭಯ ಮುಗಿಯಲು ಅಷ್ಟೇ ಹೊತ್ತು ಹಿಡಿಯಿತು. ಹೊರಗೆ ಬಂದ ಅಪ್ಪ ಮಗಳು ಗೇಟಿನ ಹತ್ತಿರ ಕಬ್ಬಿನ ಹಾಲು ಕುಡಿದರು.

ಮೊದಲ ವರ್ಷದಲ್ಲಿ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದನ್ನು ಕಲಿಸುತ್ತಾರೆ. ಸಂಜೆಯೆಲ್ಲ ಕೂತು ಕೆತ್ತಿದ ತನ್ನ ಮೊದಲ ದವಡೆ ಹಲ್ಲಿನ ಫೋಟೋವನ್ನು ಶಿವಲಕ್ಷ್ಮಿ ಅತ್ತೆಗೆ ಕಳಿಸಿದಳು. ತಕ್ಷಣ ಫೋನು ಬಂತು.

"ಯಾಕವ್ವ, ಅಲ್ಲಿ ಹಾಸ್ಟೆಲ್‌ನಾಗ ಅಡಿಗಿನೂ ನೀವೇ ಮಾಡ್ಕೋಬೇಕೇನು? ಆಲೂಗಡ್ಡಿ ಹೆಚ್ಚಾಕ್ ಹಚ್ಯಾರ?"

ಶಿವಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋನಿಟ್ಟು ಇನ್ನೊಂದು ಮೇಣದ ತುಂಡು ತೆಗೆದುಕೊಂಡಳು.